ಕೊಸರು ಬಳೆ

ಶಾಗ್ಯದ ಶಿವನಂಜಯ್ಯನ ಮನೆಯಲ್ಲಿ ಟಿವಿ ಮುಂದೆ ಕೂತು ಉಣ್ಣುವ ಚಾಳಿ ಬಂದದ್ದು ಯುದ್ಧ ಶುರುವಾದ ಮೇಲೆ. ಅಲ್ಲಿಯವರೆಗೆ ಎಲ್ಲರೂ ಅಡುಗೆಮನೆಯ ಒಲೆ ಪಕ್ಕದಲ್ಲೇ ಕೂತು ಉಂಡು ಏಳುತ್ತಿದ್ದರು. ಈಗ ಟಿವಿಯೊಳಗಿನ ಕೋಟಿನವನು ಗಂಟಲು ಹರಿಯುವಂತೆ ಕಿರುಚುತ್ತಿದ್ದ, ತಟ್ಟೆಯಲ್ಲಿ ರಾಗಿಹಿಟ್ಟಿನ ಮುದ್ದೆ ಆರುತ್ತಿತ್ತು, ಬಡಿಸುವ ರಾಚಮ್ಮನಿಗೆ ಮೈ ಉರಿಯುತ್ತಿತ್ತು.

"ಅದ ಆರ್ಸು ಅಂದ್ರೆ ಆರ್ಸಕಿಲ್ವಲ್ಲ. ಉಣ್ಣೋವಾಗ್ಲೂ ಬಾಂಬು ನೋಡ್ಬೇಕಾ?"

"ಮಗ ಅಲ್ಲವ್ನೆ ಕಣಮ್ಮಿ. ನೋಡ್ದೆ ಎಂಗಿರದು?" ಎಂದ ಶಿವನಂಜಯ್ಯ.

ದೊಡ್ಡ ಮಗ ಶಿವಶಂಕರ ಸೈನ್ಯದಲ್ಲಿದ್ದ, ಗಡಿಯಲ್ಲಿ. ಅವತ್ತು ಬೆಳಿಗ್ಗೆ ಅವನ ಫೋನು ಬಂದಿತ್ತು. ಇನ್ನು ಮುಂದೆ ತನ್ನ ಫೋನು ಸಿಗುವುದಿಲ್ಲ, ಎಲ್ಲಿದ್ದೇನೆಂದು ಯಾರಿಗೂ ಹೇಳಬೇಡಿ, ಸುದ್ದಿ ಇಲ್ಲವೆಂದರೆ ಚೆನ್ನಾಗಿದ್ದೇನೆ ಎಂದೇ ತಿಳಿದುಕೊಳ್ಳಿ ಎಂದಿದ್ದ. ಕೊನೆಗೆ ಹೆಂಡತಿ ಆಶಾರಾಣಿಗೆ, "ಬಸುರಿ ಬಳೆ ತೊಡ್ಸಿದ ಮೇಲೆ ಕೈದೊಂದು ಫೋಟೊ ಕಳ್ಸಿರು. ಫೋನು ಆನ್ ಮಾಡ್ದಾಗ ಮೊದಲು ಅದ್ನೇ ನೋಡ್ತೀನಿ" ಎಂದಿದ್ದ. ಆಶಾರಾಣಿಗೆ ಏಳು ತಿಂಗಳು. ಬಳೆ ತೊಡಿಸುವುದು ಸೋಮವಾರವೆಂದು ನಿಗದಿಯಾಗಿತ್ತು.

ಕಿರಿಯವನು ಉದಯಕುಮಾರ, ಹನೂರಿನ ಮೊಬೈಲ್ ಅಂಗಡಿಯಲ್ಲಿ ಕೆಲಸ. ಹೋದ ವರ್ಷ ವೀರಖಡ್ಗ ಪಡೆ ಎಂಬ ಸಂಘಟನೆ ಸೇರಿದ ಮೇಲೆ ಅಂಗಡಿಗಿಂತ ಮೆರವಣಿಗೆಯಲ್ಲೇ ಹೆಚ್ಚು ಕಾಣಿಸುತ್ತಿದ್ದ. ಅವನು ತುತ್ತು ಮುರಿಯುತ್ತಾ, "ಸೋಮವಾರ ಆ ಸಾಬ್ರೆಂಗ್ಸು ನಮ್ಮನೆ ಒಳಕ್ಕೆ ಬರಂಗಿಲ್ಲ" ಎಂದ.

"ಯಾವ ಸಾಬ್ರೆಂಗ್ಸು? ಪ್ಯಾರಮ್ಮನಾ?" ರಾಚಮ್ಮ ಸೌಟು ಕೆಳಗಿಟ್ಟಳು. "ನೀನು ಒಟ್ಟೇಲಿದ್ದಾಗ ನಂಗ ಬಳೆ ತೊಡ್ಸಿದ್ದು ಅವ್ಳೇ ಕಣ್ಲಾ."

"ಆ ಕಾಲ ಬೇರೆ. ಅಲ್ಲಿ ಅವ್ರು ಅಣ್ಣನ ಮೇಲೆ ಗುಂಡು ಆರಿಸ್ತಾವ್ರೆ, ಇಲ್ಲಿ ಅವ್ರ ಕೈಲೇ ಬಳೆ ತೊಡ್ಸ್ಕತ್ತೀರಾ?"

"ಪ್ಯಾರಮ್ಮ ಗುಂಡು ಆರಿಸ್ತಾವ್ಳಾ? ಅವ್ಳ್ಗೆ ಸೂಜಿಗೆ ದಾರ ಪೋಣ್ಸಕ್ಕೇ ಕಣ್ಣು ಕಾಣಕಿಲ್ಲ."

"ನಿಂಗ ಗೊತ್ತಾಗಲ್ಲ ಸುಮ್ಕಿರವ್ವ. ಎಲ್ಲಾ ವಾಟ್ಸಾಪ್ ಗ್ರೂಪಲ್ಲಿ ಬಂದದ."

"ಗ್ರೂಪಲ್ಲಿ ಇಟ್ಟೂ ಬಂದ್ರೆ ಅಲ್ಲೇ ಉಣ್ಣು. ಇಲ್ಲ್ಯಾಕ ಕೂತಿದ್ಯೆ?"

ಆಶಾರಾಣಿ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಉದಯ ತಟ್ಟೆ ತಳ್ಳಿ ಎದ್ದು ಹೋದ. ಶಿವನಂಜಯ್ಯ ಯಾರ ಪಕ್ಷವನ್ನೂ ವಹಿಸದೆ ಟಿವಿಯ ಸದ್ದು ಇನ್ನಷ್ಟು ಏರಿಸಿದ. ಮನೆಯೊಡೆಯನ ಕೆಲಸ ಅಷ್ಟಕ್ಕೆ ಮುಗಿಯಿತೆಂದು ಅವನು ತಿಳಿದಿದ್ದ.

ಪ್ಯಾರಮ್ಮನ ನಿಜವಾದ ಹೆಸರು ಪ್ಯಾರಿಜಾನ್. ಹನೂರಿನ ಸರ್ಕಲ್ಲಿನಲ್ಲಿ ಅವಳದೊಂದು ಪುಟ್ಟ ಬಳೆ ಅಂಗಡಿ. ಮದುವೆ, ಬಸುರಿ ಎಂದರೆ ಮಾತ್ರ ಬಳೆಗಳ ಮಲಾರ ಹೊತ್ತು ಊರೂರಿಗೆ ತಾನೇ ಹೋಗುತ್ತಿದ್ದಳು. ಸೋಮವಾರ ಬಸ್ಸಿಳಿದು ಬಂದವಳು ಉದಯ ಬಾಗಿಲಿಗೆ ಅಡ್ಡ ನಿಲ್ಲಿಸಿದ್ದ ಬೈಕನ್ನು ಸುತ್ತಿಕೊಂಡು ಒಳಗೆ ಬಂದು ಚಾಪೆಯ ಮೇಲೆ ಕೂತಳು.

"ಕೈ ಸಡ್ಲ ಬುಡು ಮಗ. ನೀನು ಬಿಗಿ ಇಡ್ಕಂಡ್ರೆ ಬಳೇನೂ ಬಿಗಿ ಇಡ್ಕತ್ತದ."

ಹಸಿರು ಗಾಜಿನ ಬಳೆಗಳು, ಚಿನ್ನದ ಚುಕ್ಕೆಯವು, ಒಂದೊಂದಾಗಿ ಆಶಾರಾಣಿಯ ಗೆಣ್ಣು ದಾಟಿದವು. ಎರಡು ಕೈಯೂ ತುಂಬಿದ ಮೇಲೆ ಪ್ಯಾರಮ್ಮ ವಾಡಿಕೆಯಂತೆ ಬಲಗೈಗೆ ಇನ್ನೊಂದು ಬಳೆ ಏರಿಸಿದಳು. ಅದು ಕೊಸರು. ಅದಕ್ಕೆ ಬೆಲೆಯಿಲ್ಲ, ಕೇಳಿ ಪಡೆಯುವಂತೆಯೂ ಇಲ್ಲ. ತೊಡಿಸಿದವಳು ಮನಸ್ಸು ತುಂಬಿ ಕೊಡಬೇಕು. ಹೆರಿಗೆಯಾಗುವ ತನಕ ಈ ಬಳೆಗಳನ್ನು ಕೈಯಿಂದ ಇಳಿಸುವ ಹಾಗಿಲ್ಲ.

"ಆಯ್ತಲ್ಲ, ಎದ್ದು ನಡಿ ಇನ್ನ" ಎಂದ ಉದಯ ಹೊಸಿಲಲ್ಲಿ ನಿಂತು.

ಸೇರಿದ್ದ ಹೆಂಗಸರು ಮುಖ ಮುಖ ನೋಡಿಕೊಂಡರು. ಪ್ಯಾರಮ್ಮ ಮೊರದಲ್ಲಿದ್ದ ಅಕ್ಕಿ, ತೆಂಗಿನಕಾಯಿ ಗಂಟು ಕಟ್ಟಿಕೊಂಡು ಎದ್ದಳು. "ಓಯ್ತೀನಪ್ಪ. ನಿಮ್ಮವ್ವಂಗೆ ಬಳೆ ಆಕ್ವಾಗ ನೀನು ಒಳಗಿಂದ ಒದ್ದಿದ್ದೆ. ಒದೆಯೋದು ನಿಂಗೇನು ಒಸ್ದಲ್ಲ ಬುಡು" ಎಂದಳು. ಹೆಂಗಸರು ಗೊಳ್ಳೆಂದರು. ನಗಬಾರದಿತ್ತೇನೋ. ಉದಯನ ಮುಖ ಕೆಂಪಾದದ್ದನ್ನು ರಾಚಮ್ಮ ಒಬ್ಬಳೇ ನೋಡಿದಳು.

ಆಶಾರಾಣಿ ಎರಡೂ ಕೈ ಚಾಚಿ ಫೋಟೊ ತೆಗೆಸಿ ಗಂಡನಿಗೆ ಕಳಿಸಿದಳು. ಒಂದೇ ಟಿಕ್ ಬಿತ್ತು, ಅವನಿಗಿನ್ನೂ ಮುಟ್ಟಿರಲಿಲ್ಲ. ಸಂಜೆ ನೋಡಿದಳು, ಮಾರನೆಯ ದಿನ ಹಾಲು ಕರೆಯುವ ಮುಂಚೆ ನೋಡಿದಳು, ಅದು ಒಂದೇ ಟಿಕ್ಕಾಗಿ ಉಳಿದಿತ್ತು.

ಅದೇ ವಾರ ಹನೂರಿನ ಸರ್ಕಲ್ಲಿನಲ್ಲಿ ಫ್ಲೆಕ್ಸ್ ಎದ್ದಿತು. ಸಮವಸ್ತ್ರದ ಶಿವಶಂಕರ ಆಳೆತ್ತರಕ್ಕಿಂತ ದೊಡ್ಡದಾಗಿ ನಿಂತಿದ್ದ. ಕೆಳಗೆ ಪಡೆಯವರ ದುಂಡು ದುಂಡು ಮುಖಗಳು, ಅದರಲ್ಲಿ ಉದಯನದೂ ಒಂದು. ಮೇಲೆ, "ಗಡಿಯ ಶತ್ರುವನ್ನು ಅವನು ನೋಡಿಕೊಳ್ಳುತ್ತಾನೆ, ಒಳಗಿನ ಶತ್ರುವನ್ನು ನಾವು" ಎಂಬ ದಪ್ಪಕ್ಷರದ ಬರಹ. ಪಡೆಯ ಮುಖಂಡ ಶಾಂತಮೂರ್ತಿ ಕೊಳ್ಳೇಗಾಲದಿಂದ ಕಾರಿನಲ್ಲಿ ಬಂದು ಶಿವನಂಜಯ್ಯನನ್ನು ಅದರ ಕೆಳಗೆ ನಿಲ್ಲಿಸಿ ಶಾಲು ಹೊದಿಸಿದ. ಜೀವಮಾನವೆಲ್ಲ ಚೆಂಡು ಹೂವು ಬೆಳೆದು, ಡೇರಿಗೆ ಹಾಲು ಹಾಕಿ ಬಂದವನಿಗೆ ಯಾರೂ ಶಾಲು ಹೊದಿಸಿರಲಿಲ್ಲ. ಅವನು ಅದನ್ನು ಹೊದ್ದುಕೊಂಡೇ ಬಸ್ಸಿನಲ್ಲಿ ಬಂದ. ಮೇ ತಿಂಗಳ ಸೆಕೆ, ಬೆನ್ನೆಲ್ಲ ಬೆವರಿಳಿಯುತ್ತಿದ್ದರೂ ತೆಗೆಯಲಿಲ್ಲ.

"ನನ್ನ ವೀರಪಿತ ಅಂದ್ರು ಕಣಮ್ಮಿ."

"ಅದೊಂದು ಕಮ್ಮಿ ಆಗಿತ್ತು ನೋಡು" ಎಂದಳು ರಾಚಮ್ಮ. "ಅವ್ನ ಫೋಟೊ ಆಕಕ್ಕೆ ನನ್ನ ಕೇಳಿದ್ರಾ?"

ಆಶಾರಾಣಿ ಮೆಲ್ಲಗೆ, "ಎಲ್ಲಿವ್ನಿ ಅಂತ ಯಾರ್ಗೂ ಹೇಳ್ಬೇಡಿ ಅಂದಿದ್ರಲ್ಲ ಮಾವ. ಅದ್ರಲ್ಲಿ ರೆಜಿಮೆಂಟಿನ ಹೆಸ್ರೂ ಬರ್ದವ್ರಂತೆ" ಎಂದಳು.

"ಅತ್ತಿಗೆ, ಅಣ್ಣ ಈಗ ನಿಮ್ಮೊಬ್ರ ಗಂಡ ಅಲ್ಲ. ಇಡೀ ತಾಲ್ಲೂಕಿನ ಹೆಮ್ಮೆ" ಎಂದ ಉದಯ.

"ಹೆರಿಗೆ ದಿವ್ಸ ಇಡೀ ತಾಲ್ಲೂಕು ಬಂದು ಪಕ್ಕದಲ್ಲಿ ಕೂತ್ಕತ್ತದಾ?" ಎಂದಳು ಆಶಾರಾಣಿ.

ಉದಯ ಬೈಕ್ ಹತ್ತಿ ಹೋದ. ಅವತ್ತು ಹನೂರಿನಲ್ಲಿ ಪಡೆಯ ಮೆರವಣಿಗೆ ಇತ್ತು. ಹೊತ್ತು ಮುಳುಗುವಾಗ ಕುಂಟುತ್ತಾ ಬಂದು ಜಗಲಿಯ ಮೇಲೆ ಕೂತ. ಅಂಗಾಲಿನಲ್ಲಿ ಏನೋ ಹೊಕ್ಕಿತ್ತು. ರಾಚಮ್ಮ ಬೈಯುತ್ತಲೇ ಅವನ ಕಾಲನ್ನು ತನ್ನ ತೊಡೆಯ ಮೇಲೆಳೆದುಕೊಂಡು ಪಿನ್ನಿನಿಂದ ಕೆದಕಿದಳು. ಹೊರಗೆ ಬಂದದ್ದು ಹಸಿರು ಗಾಜಿನ ಚೂರು. ಅದರ ಮೇಲೆ ಚಿನ್ನದ ಚುಕ್ಕೆ.

"ಯಾವ ಗಾಜ್ಲಾ ಇದು?"

"ಬಾಟ್ಲಿದು."

"ಚುಕ್ಕೆ ಇರೋ ಬಾಟ್ಲಿ ನಾ ಎಲ್ಲೂ ಕಂಡಿಲ್ಲ."

"ಕಾಲು ಬುಡವ್ವ, ನೋಯ್ತದ."

ರಾಚಮ್ಮ ಕಾಲು ಬಿಟ್ಟಳು. ಆ ಚೂರನ್ನು ಎಸೆಯಲೂ ಆಗದೆ, ಇಟ್ಟುಕೊಳ್ಳಲೂ ಆಗದೆ ಕಿಟಕಿಯ ಸಂದಿಯಲ್ಲಿ ಸಿಕ್ಕಿಸಿದಳು. ಅವನನ್ನು ಇನ್ನೂ ಕೇಳಬೇಕಿತ್ತು, ಅವತ್ತೇ ಕೆನ್ನೆಗೆ ಎರಡು ಬಿಡಬೇಕಿತ್ತು. ಆದರೆ ಒಬ್ಬ ಮಗ ಎಲ್ಲಿದ್ದಾನೋ ಗೊತ್ತಿಲ್ಲದಾಗ ಕಣ್ಣೆದುರಿಗಿರುವ ಮಗನನ್ನು ಹೊಡೆಯಲು ಅವಳಿಗೆ ಕೈ ಬರಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಹೊಲದಲ್ಲಿ ಚೆಂಡು ಹೂವು ಬಿಡಿಸುತ್ತಿದ್ದಾಗ ಉದಯ ಬುಟ್ಟಿ ಹಿಡಿದು ಬಂದ. "ಒಂದು ಬುಟ್ಟಿ ಊವ ಕೊಡವ್ವ. ಪೂಜೆ ಅದ" ಎಂದ. ಯಾವ ದೇವರಿಗೆ ಎಂದು ಅವಳು ಕೇಳಲಿಲ್ಲ. ಮಗ ಪೂಜೆ ಎಂದದ್ದೇ ಹೆಚ್ಚೆಂದು ಒಳ್ಳೆಯ ಹೂವನ್ನೇ ಆರಿಸಿ ತುಂಬಿಸಿದಳು. ಆ ಹೂವಿನಲ್ಲಿ ಪಡೆಯ ಹುಡುಗರು ಮಾರುದ್ದದ ಹಾರ ಕಟ್ಟಿ ಫ್ಲೆಕ್ಸಿನ ಶಿವಶಂಕರನಿಗೆ ಹಾಕಿದರು. ಮುಂದೆ ದೀಪ ಹಚ್ಚಿದರು, ಊದುಬತ್ತಿ ಸಿಕ್ಕಿಸಿದರು. ವೀರನಿಗೆ ಗೌರವ ಕೊಡಬೇಕೆಂಬುದಷ್ಟೇ ಅವರ ತಲೆಯಲ್ಲಿತ್ತು. ಫೋಟೊಗೆ ಹಾರ ಹಾಕಿ ದೀಪ ಹಚ್ಚಿದರೆ ನಮ್ಮ ಸೀಮೆಯಲ್ಲಿ ಏನರ್ಥವೆಂದು ಒಬ್ಬನಿಗೂ ಹೊಳೆಯಲಿಲ್ಲ.

ಹೊಳೆದದ್ದು ಬಸ್ಸಿನಲ್ಲಿ ಹೋಗುತ್ತಿದ್ದವರಿಗೆ. ಶಿವಶಂಕರ ಸತ್ತನೆಂಬ ಸುದ್ದಿ ಅಜ್ಜೀಪುರ ಮುಟ್ಟಿ, ಬೆಳಗಾಗುವುದರೊಳಗೆ ಶಿವನಂಜಯ್ಯನ ತಂಗಿ ಶಿವನಂಜಮ್ಮ ನೆಂಟರನ್ನು ಆಟೊದಲ್ಲಿ ತುಂಬಿಕೊಂಡು ಶಾಗ್ಯಕ್ಕೆ ಬಂದಳು. ಊರಬಾಗಿಲಿನಿಂದಲೇ ಎದೆ ಬಡಿದುಕೊಂಡು ಬಂದಳು.

"ಅಯ್ಯೋ ನನ್ನಪ್ಪಾ! ಬಸುರಿ ಎಂಡ್ರ ಬುಟ್ಟು ಓದ್ಯಲ್ಲಪ್ಪೋ!"

ಆಶಾರಾಣಿ ಹಿತ್ತಲಲ್ಲಿ ಹಾಲಿನ ಕ್ಯಾನು ಉಜ್ಜುತ್ತಿದ್ದಳು. ಏನೆಂದು ತಿಳಿಯುವ ಮೊದಲೇ ಶಿವನಂಜಮ್ಮ ಬಂದು ತಬ್ಬಿದಳು, ತಬ್ಬಿದ್ದ ಹಾಗೆಯೇ ಅವಳ ಎರಡೂ ಕೈ ಹಿಡಿದು ಬಚ್ಚಲ ಗೋಡೆಗೆ ಬಡಿದಳು. ಬಳೆಗಳು ಒಡೆದು ಚೆಲ್ಲಿದವು. ಹೆಣ ಬರುವ ಮುಂಚೆ ಹೀಗೆ ಮಾಡುವ ಪದ್ಧತಿ ಎಲ್ಲೂ ಇಲ್ಲ. ಆದರೆ ಅಳುವುದರಲ್ಲಿ ಶಿವನಂಜಮ್ಮ ಯಾವತ್ತೂ ಎಲ್ಲರಿಗಿಂತ ಮುಂದು.

"ಯಾರು ಹೇಳಿದ್ರು? ಅತ್ತೇ, ಯಾರು ಹೇಳಿದ್ರು?" ಎಂದು ಆಶಾರಾಣಿ ಕೂಗಿದಳು. ಕೊಟ್ಟಿಗೆಯಿಂದ ಓಡಿ ಬಂದ ರಾಚಮ್ಮ ಸೊಸೆಯ ಕೈ ಬಿಡಿಸಿಕೊಂಡಳು. ಶಿವನಂಜಯ್ಯ ಮಗನ ನಂಬರಿಗೆ ಒತ್ತಿದ. ಸ್ವಿಚ್ ಆಫ್ ಎಂದಿತು. ಮತ್ತೆ ಒತ್ತಿದ. ಮತ್ತೆ ಅದೇ. ಕೊನೆಗೆ ಬಂದಿದ್ದ ಆಟೊವನ್ನೇ ಹತ್ತಿ ಹನೂರಿಗೆ ಹೋದ.

ಸರ್ಕಲ್ಲಿನಲ್ಲಿ ಟೀ ಅಂಗಡಿಯ ಗೋವಿಂದಯ್ಯ ಅವನನ್ನು ಬೆಂಚಿನ ಮೇಲೆ ಕೂರಿಸಿ ನೀರು ಕೊಟ್ಟ. "ಸುಮ್ನೆ ಗೌರವಕ್ಕೆ ಅಂತ ಹಾರ ಆಕವ್ರೆ ಕಣಣ್ಣ. ಸಾವಿನ ಸುದ್ದಿ ಯಾವ್ದೂ ಬಂದಿಲ್ಲ" ಎಂದ. ಆಮೇಲೆ ದನಿ ತಗ್ಗಿಸಿ, "ಆದ್ರೆ ಅಲ್ಲಿ ನೋಡು" ಎಂದು ಎದುರುಗಡೆ ತೋರಿಸಿದ.

ಪ್ಯಾರಮ್ಮನ ಅಂಗಡಿಯ ಬಾಗಿಲು ಒಳಕ್ಕೆ ಮುರಿದುಬಿದ್ದಿತ್ತು. ಮುಂದಿನ ಚರಂಡಿಯ ತುಂಬ ಬಳೆ ಚೂರು, ಕೆಂಪು, ಹಸಿರು, ನೀಲಿ.

"ಮೆರವಣಿಗೆ ದಿವ್ಸ. ಬಳೆ ಸ್ಟ್ಯಾಂಡು ಎಳ್ದು ಬೀಳ್ಸಿದ್ದು ನಿನ್ ಕಿರಿಮಗ್ನೇ ಕಣಣ್ಣ. ಹೇಳ್ಬಾರ್ದು ಅಂದ್ಕಂಡಿದ್ದೆ. ಅವತ್ತೇ ಆಯಮ್ಮ ಕೊಳ್ಳೇಗಾಲಕ್ಕೆ ಮಗಳ ಮನೆಗೆ ಒಂಟೋದ್ಳು."

ಶಿವನಂಜಯ್ಯ ಗೋವಿಂದಯ್ಯನ ಕುಡುಗೋಲು ಇಸಿದುಕೊಂಡು, ಟೀ ಅಂಗಡಿಯ ಬೆಂಚನ್ನೇ ಎಳೆದು ಅದರ ಮೇಲೆ ನಿಂತು ಫ್ಲೆಕ್ಸಿನ ಹಗ್ಗ ಕೊಯ್ಯತೊಡಗಿದ. ಪಡೆಯ ಹುಡುಗರು ಓಡಿ ಬಂದು ಮೊಬೈಲು ಎತ್ತಿದರು. ಅವತ್ತು ಹನೂರಿಗೆ ಬಂದಿದ್ದ ಶಾಂತಮೂರ್ತಿಯೂ ಓಡಿ ಬಂದ.

"ಏನ್ ಯಜಮಾನ್ರೇ, ಸೈನಿಕನ ಫ್ಲೆಕ್ಸ್ ಕುಯ್ತಿದ್ದೀರಾ? ಯುದ್ಧದ ಟೈಮಲ್ಲಿ? ದೇಶದ್ರೋಹ ಅಲ್ವಾ ಇದು?"

"ಇವ್ನು ನನ್ ಮಗ ಸಾ" ಎಂದ ಶಿವನಂಜಯ್ಯ. "ನೀವು ಹಾರ ಆಕಿದ್ದ ನೋಡಿ ಜನ ನನ್ನ ಬಾಗ್ಲಿಗೆ ಬಂದು ಎದೆ ಬಡ್ಕಂಡ್ರು. ಇವ್ನು ಬದ್ಕವ್ನೆ. ಬದ್ಕವ್ನೆ ಸಾ!" ಅದು ನಿಜವೋ ಸುಳ್ಳೋ ಅವನಿಗೂ ಗೊತ್ತಿರಲಿಲ್ಲ. ಫ್ಲೆಕ್ಸನ್ನು ಸುರುಳಿ ಸುತ್ತಿ, ಅವತ್ತಿನಿಂದ ಹೆಗಲಿಂದ ಇಳಿಸದಿದ್ದ ಸನ್ಮಾನದ ಶಾಲಿನಿಂದಲೇ ಬಿಗಿದು ಮನೆಗೆ ತಂದ.

ಸಾವಿನ ಸುದ್ದಿಯಲ್ಲ ಎಂದು ತಿಳಿದ ಮೇಲೆ ನೆಂಟರು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು. ಶಿವನಂಜಮ್ಮ ಮಾತ್ರ ತಲೆ ತಗ್ಗಿಸಿ ಕೂತಿದ್ದಳು. "ಹಾರ ಆಕಿದ್ರು, ದೀಪ ಅಚ್ಚಿದ್ರು. ಬದ್ಕಿರೋರಿಗೆ ಯಾರು ಅಂಗ್ ಮಾಡ್ತಾರೆ? ಅಂಗಡೀಲಿ ಪ್ಲಾಸ್ಟಿಕ್ಕಿನವು ಸಿಗ್ತವ, ತಂದು ಆಕ್ತೀನಿ ಕಣವ್ವ" ಎಂದಳು.

"ಬ್ಯಾಡ" ಎಂದಳು ಆಶಾರಾಣಿ. ಅವಳ ಮಣಿಕಟ್ಟಿನ ಮೇಲೆ ಗೀರುಗಳಿದ್ದವು. "ಪ್ಯಾರಮ್ಮನೇ ಬಂದು ತೊಡಿಸ್ಬೇಕು. ಅವ್ರು ತೊಡ್ಸೋ ತನ್ಕ ಇಂಗೇ ಇರ್ತೀನಿ. ನನ್ ಗಂಡ ಬದ್ಕವ್ನೆ ಅಂತ ನನ್ ಕೈ ನಂಬ್ಬೇಕಲ್ಲ."

ಶಿವನಂಜಯ್ಯ ಕಂಬಕ್ಕೊರಗಿ ನಿಂತಿದ್ದ ಉದಯನನ್ನು ನೋಡಿದ. "ಅವ್ಳು ಯಾಕ ಊರು ಬುಟ್ಟೋದ್ಳು ಅಂತ ಹೇಳ್ಲಾ."

"ನಾನು ಕಲ್ಲು ಎತ್ಲಿಲ್ಲ ಅಪ್ಪ. ಎಲ್ರೂ ನುಗ್ಗಿದ್ರು."

"ಸ್ಟ್ಯಾಂಡು?"

ರಾಚಮ್ಮ ಹೋಗಿ ಕಿಟಕಿ ಸಂದಿಯ ಚೂರನ್ನು ತಂದು ಉದಯನ ಕಾಲ ಬಳಿ ಇಟ್ಟಳು. "ಇದು ಬಾಟ್ಲಿದು ಅಂದಿದ್ದೆ" ಎಂದಳು. ಅಷ್ಟೇ. ಅವತ್ತಿನಿಂದ ಅವಳು ಅವನಿಗೆ ಬಡಿಸುವುದನ್ನು ನಿಲ್ಲಿಸಿದಳು.

ಬಡಿಸಿದ್ದು ಆಶಾರಾಣಿ. ಅದೇ ಅವನಿಗೆ ಕಷ್ಟವಾದದ್ದು. ಅವಳು ಬೈಯಲಿಲ್ಲ, ಮುಖ ತಿರುಗಿಸಲಿಲ್ಲ. ಸದ್ದಿಲ್ಲದ ಬರಿಗೈ ತಟ್ಟೆಗೆ ಹಿಟ್ಟು ಇಡುತ್ತಿತ್ತು, ಉಪ್ಪುಸಾರು ಬಿಡುತ್ತಿತ್ತು. ಅವನು ತಲೆ ಎತ್ತದೆ ಎರಡು ತುತ್ತು ನುಂಗಿ ಏಳುತ್ತಿದ್ದ. ಅತ್ತ ಪಡೆಯ ಗ್ರೂಪಿನಲ್ಲಿ ಅವನಪ್ಪ ಫ್ಲೆಕ್ಸ್ ಕೊಯ್ಯುವ ವಿಡಿಯೊ ಓಡಾಡುತ್ತಿತ್ತು, ಕೆಳಗೆ "ಇಂಥ ದ್ರೋಹಿ ಅಪ್ಪಂದಿರೂ ಇರ್ತಾರೆ" ಎಂದು ಬರೆದಿದ್ದರು. ಬರೆದವರೆಲ್ಲ ಅವನ ಗೆಳೆಯರೇ. ಶಾಂತಮೂರ್ತಿ ಫೋನು ಮಾಡಿ, ಅಪ್ಪನ ಕೈಲಿ ಒಂದು ಕ್ಷಮಾಪಣೆ ವಿಡಿಯೊ ಮಾಡಿಸು ಎಂದ. ಉದಯ "ನೋಡ್ತೀನಿ ಅಣ್ಣ" ಎಂದು ಇಟ್ಟ. ಅಪ್ಪನನ್ನು ಕೇಳಲೂ ಇಲ್ಲ, ಗ್ರೂಪು ಬಿಡಲೂ ಇಲ್ಲ.

ಯುದ್ಧ ನಿಂತಿತೆಂದು ಟಿವಿಯವನು ಬೇಸರದ ಮುಖದಲ್ಲಿ ಹೇಳಿದ. ಗಡಿಗೆ ಹೋದ ಎಲ್ಲರ ಮಕ್ಕಳ ಫೋನೂ ಬಂತಂತೆ. ಶಿವಶಂಕರನದು ಬರಲಿಲ್ಲ. ಬಳೆಯ ಫೋಟೊದ ಮುಂದೆ ಒಂದೇ ಟಿಕ್. ಆಶಾರಾಣಿ ಊಟ ಕಡಿಮೆ ಮಾಡಿದಳು, ರಾಚಮ್ಮ ಒಲೆ ಮುಂದೆ ಕೂತು ಒಬ್ಬಳೇ ಅಳತೊಡಗಿದಳು. ಒಂದು ಮಧ್ಯಾಹ್ನ ಉದಯ ಕೈ ತೊಳೆದವನೇ, "ಕೊಳ್ಳೇಗಾಲಕ್ಕೆ ಓಗ್ಬತ್ತೀನಿ" ಎಂದ.

ಪ್ಯಾರಮ್ಮನ ಮಗಳ ಮನೆ ಬಾಗಿಲಲ್ಲಿ ಅಳಿಯ ಅಡ್ಡ ನಿಂತ. ಒಳಗಿಂದ ಪ್ಯಾರಮ್ಮ ದನಿಯಲ್ಲೇ ಗುರುತು ಹಿಡಿದಳು. "ರಾಚವ್ವನ ಕಿರಿಮಗನಾ? ಒಳಕ್ಕೆ ಬಾ ಅನ್ನಕಿಲ್ಲ. ಅಲ್ಲೇ ನಿಂತು ಹೇಳು."

ಉದಯ ಹೇಳಿದ. ಹಾರ, ಅತ್ತೆ, ಬಚ್ಚಲ ಗೋಡೆ, ಎಲ್ಲವನ್ನೂ. ತನ್ನ ವಿಷಯ ಬಿಟ್ಟು.

"ಬಸುರಿ ಕೈ ಬಳೆ ಒಡೆದ್ರಾ!" ಪ್ಯಾರಮ್ಮ ಎದ್ದು ಬಾಗಿಲಿಗೆ ಬಂದಳು. "ಆ ಮಗ ಏನ್ ಪಾಪ ಮಾಡಿತ್ತು?" ಆಮೇಲೆ ಅವನನ್ನೇ ನೋಡಿದಳು. "ನಂಗ ಸೂಜಿ ಕಣ್ಣು ಕಾಣಕಿಲ್ಲ, ಮನುಷ್ರು ಕಾಣ್ತಾರೆ. ಸ್ಟ್ಯಾಂಡು ಎಳ್ದೋನು ಯಾರು ಅಂತ ನಾ ಕಂಡಿವ್ನಿ. ಅಳಿಯ ಸ್ಟೇಷನ್‌ಗೆ ಓಗವ ಅಂತ ದಿನಾ ಅಂತಾನೆ. ನಾನೇ ಇನ್ನೂ ಬಾಯ್ ಬುಟ್ಟಿಲ್ಲ."

ಉದಯ ನೆಲ ನೋಡಿದ.

"ನಾ ಅಲ್ಲಿಗೆ ಬರಕಿಲ್ಲ. ನಂಗ ಎದ್ರಿಕೆ ಆಯ್ತದ. ನಿಮ್ಮತ್ತಿಗೇನ ಇಲ್ಲಿಗೇ ಕರ್ಕಂಡು ಬಾ."

ಶುಕ್ರವಾರ ರಾಚಮ್ಮ, ಆಶಾರಾಣಿ ಬಸ್ಸಿನಲ್ಲಿ ಬಂದರು. ಅಕ್ಕಿ, ತೆಂಗಿನಕಾಯಿಯ ಚೀಲ ಉದಯನ ತಲೆಯ ಮೇಲಿತ್ತು. ಈ ಸಲ ಪ್ಯಾರಮ್ಮ ಅವನಿಗೂ ಒಳಗೆ ಬಾ ಎಂದಳು. ಅವನು ಬಾಗಿಲ ಮೂಲೆಯಲ್ಲೇ ಮಂಡಿ ಮಡಿಸಿ ಕೂತ. ಚಾಪೆಯ ಮೇಲೆ ಒಂದು ಗೋಣಿಚೀಲ ಬಿಚ್ಚಿಟ್ಟಿತ್ತು. ಅಂಗಡಿಯಿಂದ ಬಾಚಿ ತಂದದ್ದರಲ್ಲಿ ಒಡೆಯದೆ ಉಳಿದಿದ್ದನ್ನು ತಾಯಿ ಮಗಳು ಆರಿಸಿದ್ದರು.

"ಜೊತೆ ಸಿಗಕಿಲ್ಲ ಮಗ. ಒಂದು ಕೆಂಪು, ಒಂದು ನೀಲಿ, ಇಂಗೇ ಅವ. ನಡೀತದಾ?"

"ನೀವು ತೊಡ್ಸಿ" ಎಂದು ಆಶಾರಾಣಿ ಕೈ ಚಾಚಿದಳು. ಗೀರುಗಳ ಮೇಲೆ ಪ್ಯಾರಮ್ಮ ಮೊದಲು ಕೊಬ್ಬರಿ ಎಣ್ಣೆ ಸವರಿದಳು. ಕೆಂಪು ಏರಿತು, ನೀಲಿ ಏರಿತು, ಹಳದಿ ಏರಿತು. ಎಡಗೈ ತುಂಬಿ ಬಲಗೈಯ ಕೊನೆಯ ಬಳೆಯೂ ಏರುತ್ತಿದ್ದಂತೆ ಆಶಾರಾಣಿಯ ಮಡಿಲಲ್ಲಿದ್ದ ಫೋನು ಬಡಿದುಕೊಂಡಿತು. ಎಣ್ಣೆಗೈಯಲ್ಲಿ ಅವಳು ಅದನ್ನು ಎತ್ತಲಾರದೆ ಎತ್ತಿದಳು. ವಿಡಿಯೊ ಕಾಲ್. ಗಡ್ಡ ಬಿಟ್ಟ ಶಿವಶಂಕರನ ಮುಖ, ಸೊರಗಿತ್ತು, ನಗುತ್ತಿತ್ತು.

ರಾಚಮ್ಮ "ಅಯ್ಯೋ ಮಗನೇ" ಎಂದು ಫೋನನ್ನೇ ತಬ್ಬಲು ಹೋದಳು. ಆಶಾರಾಣಿ ಅಳುತ್ತಾ ನಗುತ್ತಾ ಏನೇನೋ ಕೇಳಿದಳು, ಅವನು ಏನೇನೋ ಹೇಳಿದ. ಪ್ಯಾರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಈಗ ಫೋನು ಆನ್ ಮಾಡ್ದೆ. ಮೊದಲು ನಿನ್ ಕೈ ಫೋಟೊನೇ ನೋಡ್ದೆ" ಎಂದ ಶಿವಶಂಕರ. "ಎಲ್ಲಿ, ತೋರ್ಸು. ಅರೆ, ಫೋಟೊದಲ್ಲಿ ಎಲ್ಲಾ ಹಸುರು ಇದ್ವಲ್ಲ? ಇದ್ಯಾಕ ಒಂದೊಂದು ಒಂದೊಂದು ಬಣ್ಣ? ಆ ಬಳೆ ಏನಾದೊ?"

ಆಶಾರಾಣಿ ಅತ್ತೆಯ ಮುಖ ನೋಡಿದಳು, ಪ್ಯಾರಮ್ಮನ ಮುಖ ನೋಡಿದಳು. ಆಮೇಲೆ ಕೈ ಚಾಚಿ ಫೋನನ್ನು ಮೂಲೆಯಲ್ಲಿ ಕೂತವನಿಗೆ ಕೊಟ್ಟಳು.

"ನೀನೇ ಹೇಳಪ್ಪ ನಿಮ್ಮಣ್ಣಂಗೆ."

ಉದಯ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ಅಣ್ಣ" ಎಂದ. "ಅವು ಒಡೆದೋದೊ ಅಣ್ಣ."

"ಅವೂ, ಅಂಗಡಿ ಬಳೇನೂ ಯಾರಿಂದ ಒಡೆದೋದೊ ಅದ ಹೇಳು" ಎಂದಳು ರಾಚಮ್ಮ, ಅವನ ಕಡೆ ನೋಡದೆಯೇ.

"ಏನ್ಲಾ ಉದಯ? ಯಾರು ಒಡೆದೋರು?" ಅತ್ತ ಕಡೆಯಿಂದ ಅಣ್ಣ ಮತ್ತೆ ಕೇಳಿದ. ಬಲಗೈಯೂ ತುಂಬಿತ್ತು. ಕೊಸರು ಬಳೆಯೊಂದು ಮಾತ್ರ ಇನ್ನೂ ಪ್ಯಾರಮ್ಮನ ಬೆರಳಲ್ಲೇ ಇತ್ತು. ಅವಳೂ ಉದಯನ ಬಾಯನ್ನೇ ನೋಡುತ್ತಾ ಕೂತಿದ್ದಳು.